ಭಾವನ ಕಾರಿನ ಆಯಿಲ್

ಅಕ್ಕನ ಗಂಡ, ಅಂದರೆ ನಮ್ಮ ಭಾವ, ಪ್ರತಿ ಭಾನುವಾರ ಹತ್ತು ಗಂಟೆಗೆ ಸರಿಯಾಗಿ ನನ್ನ ಗ್ಯಾರೇಜಿನ ಮುಂದೆ ಕಾರು ತಂದು ನಿಲ್ಲಿಸುತ್ತಾರೆ. ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದು, ತುದಿಯನ್ನು ಎರಡು ಬೆರಳಲ್ಲಿ ಉಜ್ಜಿ, ನಾಡಿ ಹಿಡಿದ ವೈದ್ಯರ ಗತ್ತಿನಲ್ಲಿ ಕೇಳುತ್ತಾರೆ: “ಏನಂತೀಯ, ಬದಲಾಯಿಸೋಣ್ವಾ?”

“ಐದು ಸಾವಿರ ಕಿಲೋಮೀಟರ್ ಆಗ್ಲಿ ಭಾವ, ಇಲ್ಲಾಂದ್ರೆ ಒಂದು ವರ್ಷ.”

ಮುಂದಿನ ವಾರ ಮತ್ತೆ ಅದೇ ರಾಗ, ಅದೇ ತಾಳ.

ಹಿಂದಿನ ಸಲ ಆಯಿಲ್ ಬದಲಾಯಿಸಿ ಈ ಭಾನುವಾರಕ್ಕೆ ವರ್ಷ ತುಂಬಿತು. ಮೀಟರ್ ನೋಡಿದರೆ ಕಾರು ಓಡಿದ್ದು ಬರೀ ನಾನೂರು ಕಿಲೋಮೀಟರ್.

“ವರ್ಷವೆಲ್ಲಾ ಎಲ್ಲಿಗೆ ಹೋಗಿದ್ರಿ ಭಾವ?”

“ಇನ್ನೆಲ್ಲಿಗೆ? ಆಯಿಲ್ ಬದಲಾಯಿಸ್ಬೇಕಾ ಅಂತ ನಿನ್ನ ಕೇಳೋಕೆ ಬಂದಿದ್ದೇ ಅಷ್ಟು. ಸುಮ್ ಸುಮ್ನೆ ಓಡಿಸಿದ್ರೆ ಆಯಿಲ್ ಹಾಳಾಗಲ್ವಾ?”

ನಗು ನುಂಗಿಕೊಂಡೆ. “ನಿಂತಿದ್ರೂ ಆಯಿಲ್‌ಗೆ ವಯಸ್ಸಾಗುತ್ತೆ. ಇವತ್ತೇ ಬದಲಾಯಿಸ್ತೀನಿ. ಇನ್ನೊಂದು ವರ್ಷ ನೀವು ಈ ಕಡೆ ತಲೆ ಹಾಕೋದೇ ಬೇಡ.”

ಭಾವನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಆಚೆ ಹೋಗಿ ಅಕ್ಕನಿಗೆ ಫೋನಿನಲ್ಲಿ ದುಃಖ ತೋಡಿಕೊಂಡರು. ನಾನು ಕಾರಿನಡಿ ನುಸುಳಿ ನಟ್ಟಿಗೆ ಸ್ಪ್ಯಾನರ್ ಹಾಕುವಷ್ಟರಲ್ಲಿ ಅಕ್ಕ ನನಗೇ ಫೋನ್ ಮಾಡಿದಳು.

“ದಮ್ಮಯ್ಯ ಕಣೋ, ಬದಲಾಯಿಸ್ಬೇಡ! ವಾರದಲ್ಲಿ ಇವರು ನಿನ್ನ ಹತ್ರ ಬಂದಿರೋ ಅದೆರಡು ಗಂಟೆ ಮಾತ್ರ ನನ್ನ ಅಡುಗೆಗೆ ಯಾರೂ ಬುದ್ಧಿ ಹೇಳಲ್ಲ.”

ಕೆಲಸಕ್ಕೆ ಮೋಸ ಮಾಡುವ ಹಾಗಿಲ್ಲ, ಅಕ್ಕನಿಗೂ ಮಾಡುವ ಹಾಗಿಲ್ಲ. ಹಳೆಯದನ್ನು ಇಳಿಸಿ, ಹೊಸದನ್ನು ತುಂಬಿ, ಕೈ ಒರೆಸಿಕೊಂಡು ಗಂಭೀರವಾಗಿ ಹೇಳಿದೆ:

“ಹೊಸ ಆಯಿಲ್ ಭಾವ, ಹಳೇದರಷ್ಟು ನಂಬೋಕಾಗಲ್ಲ. ವಾರ ವಾರ ತಂದು ತೋರಿಸಿ.”