ಠೈರೋವಾಡಿ

ಮುಡಬಿಯಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸು ಠೈರೋವಾಡಿಯ ಎದುರಿಗೇ ಹಾಯುತ್ತದೆ, ಆದರೆ ನಿಲ್ಲುವುದಿಲ್ಲ. ಡ್ರೈವರನದೂ ತಪ್ಪೆನ್ನುವಂತಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ಹುಲ್ಲಿನ ಆಚೆ ಮೂವತ್ತು ಮನೆ, ಒಂದು ಪುಟ್ಟ ಬುದ್ಧವಿಹಾರ. ಊರು ಇದೆ ಎಂದು ಗೊತ್ತಾಗುವ ಮೊದಲೇ ಊರು ದಾಟಿಬಿಟ್ಟಿರುತ್ತದೆ.

ಗಿರಿಜಾಬಾಯಿಗೆ ಈ ಸಲ ಬಸ್ಸು ನಿಲ್ಲಲೇಬೇಕಿತ್ತು. ಮೊಮ್ಮಗಳು ಆಮ್ರಪಾಲಿಗೆ ಸೋಮವಾರ ಒಂಬತ್ತೂವರೆಗೆ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಮುಡಬಿಗೆ ನಡೆದು ಹೋಗಿ ಬಸ್ಸು ಹಿಡಿಯಲು ಹೋಗಿ ಹುಡುಗಿ ಈಗಾಗಲೇ ಎರಡು ಸಲ ಪರೀಕ್ಷೆ ತಪ್ಪಿಸಿಕೊಂಡಿದ್ದಳು. ಮೂರನೆಯ ಸಲ ತಪ್ಪಿದರೆ ವರ್ಷವೇ ಹೋಯಿತು.

"ಬೋರ್ಡ್ ಹಾಕಿದ್ರ ನಿಲ್ತದ ಕಾಕು," ಎಂದಿದ್ದ ಪಂಚಾಯಿತಿ ಮೆಂಬರ್ ಅಜೀತ, ಆಕೆಯ ಮೈದುನನ ಮಗ. ಹಾಕಿಸಿಯೂ ಬಿಟ್ಟ. ಆದರೆ ತಗಡಿನ ಮೇಲೆ ನೀಲಿ ಅಕ್ಷರದಲ್ಲಿ ಬರೆಸಿದ್ದು ಧೈರ್ಯವಾಡಿ ಅಂತ.

"ಇದ್ಯಾವ ಊರೋ?"

"ನಮ್ದೇ. ಮೊದಲ ಧೈರ್ಯ ಅಂತಾನ ಇತ್ತು, ಮಂದಿ ಬಾಯಾಗ ಕೆಟ್ಟು ಠೈರೋ ಆಗ್ಯಾದ. ಕಾಲೇಜದಾಗ ಹುಡುಗೂರು ಊರ ಹೆಸರ ಹೇಳಾಕ ನಾಚ್ತಾರ ಕಾಕು."

ಗಿರಿಜಾಬಾಯಿಗೆ ಮೈಯೆಲ್ಲ ಉರಿಯಿತು. ಯಾರ ಬಾಯಲ್ಲೂ ಕೆಟ್ಟಿರಲಿಲ್ಲ ಆ ಹೆಸರು. ನಿಜಾಮನ ಕಾಲದಲ್ಲಿ ಕುದುರೆಗಳಿಗೆ ಹುಲ್ಲು ಕೊಯ್ಯಲೆಂದು ಆಕೆಯ ಅತ್ತೆಯ ಅತ್ತೆ ಮತ್ತು ನಾಲ್ಕು ಮನೆಯವರನ್ನು ಒಬ್ಬ ಜಮಾದಾರ ಇಲ್ಲಿಗೆ ಕರೆತಂದಿದ್ದ. ಕೊಯ್ದು ಬಣವೆ ಒಟ್ಟಿದ್ದೂ ಆಯಿತು. "ಠೈರೋ" ಅಂದವನೇ ಅವನು ಬಂಡಿ ತರಲು ಹುಮನಾಬಾದಿನ ಕಡೆ ಹೋದ. ಹೋದವನು ಹೋದ. ನಿಲ್ಲಿ ಅಂದಿದ್ದಾನಲ್ಲ, ಇವರು ನಿಂತರು. ಗುಡಿಸಲು ಹಾಕಿದರು, ಆಡು ಸಾಕಿದರು, ಮಕ್ಕಳಾದವು, ಜೋಳ ಬಿತ್ತಿದರು. ಎಷ್ಟೋ ವರ್ಷದ ಮೇಲೆ ಕಾಗದ ಹಿಡಿದು ಬಂದ ಕಾರಕೂನ, "ಈ ಜಾಗಾಕ್ಕ ಏನಂತಾರ?" ಎಂದು ಕೇಳಿದ. ಜಮಾದಾರ ಏನಂದ ಅಂತ ಕೇಳುತ್ತಿದ್ದಾನೆಂದು ತಿಳಿದ ಮುದುಕಿ, "ಠೈರೋ ಅಂದಾರ್ರಿ" ಅಂದಳು. ಅವನು ಅದಕ್ಕೊಂದು ವಾಡಿ ಸೇರಿಸಿ ಹಾಗೇ ಬರೆದುಕೊಂಡ.

ಈ ಕಥೆ ಹೇಳುವಾಗ ಗಿರಿಜಾಬಾಯಿಯ ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಂಥ ಹೆಸರಿಗೆ ನಾಚಿಕೆಯಂತೆ!

ಇರಲಿ, ಬಸ್ಸು ನಿಂತರೆ ಸಾಕು ಎಂದು ಆಕೆ ಹಲ್ಲು ಕಚ್ಚಿಕೊಂಡಳು. ಹತ್ತು ದಿನ ಕಳೆಯಿತು. ಬಸ್ಸು ಧೈರ್ಯವಾಡಿಯ ಮುಂದೆ ಧೈರ್ಯವಾಗಿಯೇ ಹಾದುಹೋಯಿತು.

ಭಾನುವಾರ ಸಂಜೆ ಆಕೆ ಎತ್ತಿನ ಕೊಂಬಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದ ಡಬ್ಬಿ ಹೊರತೆಗೆದಳು. ಅಜ್ಜಿ ಮೊಮ್ಮಗಳಿಬ್ಬರೂ ತಂತಿ ಬಿಚ್ಚಿ ತಗಡನ್ನು ಹಿಂದುಮುಂದು ಮಾಡಿ ಕಟ್ಟಿದರು. ಧೈರ್ಯವಾಡಿ ಈಗ ಹುಲ್ಲಿನ ಕಡೆಗೆ, ಆಡುಗಳು ಓದಿಕೊಳ್ಳಲಿ.

"ದೊಡ್ಡದಾಗಿ ಬರಿ. ನಮ್ಮ ಹೆಸರೇ ಬರಿ."

ಆಮ್ರಪಾಲಿ ಅಜ್ಜಿ ಹೇಳಿದ್ದಕ್ಕಿಂತ ದೊಡ್ಡದಾಗಿ ಬರೆದಳು. ಅರ್ಧಕ್ಕೇ ಡಬ್ಬಿ ಬರಿದಾಯಿತು.

"ಆಯಿ, ವಾಡಿ ಉಳೀತಲ್ಲ?"

"ಉಳೀಲಿ. ನಾಳಿಗಿ ನೋಡೋಣಂತ."

ಬೆಳಿಗ್ಗೆ ಎಂಟಕ್ಕೆ ಇಬ್ಬರೂ ರಸ್ತೆಗೆ ಬಂದರು. ಅಜೀತನೂ ಬಂದು ಬೋರ್ಡು ನೋಡಿ ಬಾಯಿ ತೆರೆದ. ಅವನು ಮಾತಾಡುವಷ್ಟರಲ್ಲಿ ಬಸ್ಸು ಕಾಣಿಸಿತು. ಎಂದಿನ ಓಟದಲ್ಲೇ ಬಂತು. ಕೈಯೆತ್ತುವುದೂ ಗಿರಿಜಾಬಾಯಿಗೆ ಮರೆತುಹೋಯಿತು.

ಕಿರ್ರನೆ ಬ್ರೇಕು ಬಿತ್ತು. ಧೂಳೆಲ್ಲ ಮುಂದಕ್ಕೆ ಹೋಗಿ ಬಸ್ಸು ಅಲ್ಲೇ ನಿಂತಿತು.

ಡ್ರೈವರ್ ಗಾಬರಿಯಿಂದ ತಲೆ ಹೊರಗೆ ಹಾಕಿದ. "ಏನಾಗ್ಯಾದ್ರಿ ಮುಂದ? ಸೇತುವೆ ಬಿದ್ದದೇನು? ಕೆಂಪು ಬಣ್ಣದಾಗ ಠೈರೋ ಅಂತ ಬರ್ದೀರಿ!"

"ಏನೂ ಆಗಿಲ್ರಿ," ಎಂದಳು ಗಿರಿಜಾಬಾಯಿ. "ಅದು ನಮ್ಮ ಊರ ಹೆಸರು."

ಡ್ರೈವರ್ ಬೋರ್ಡು ನೋಡಿದ, ಮುದುಕಿಯನ್ನು ನೋಡಿದ. ಬೈಯಲು ತೆರೆದ ಬಾಯಿಂದ ನಗು ಬಂತು. "ಇಂಥಾ ಹೆಸರ ಇಟ್ಕೊಂಡ್ರ ನಿಲ್ಲದ ಹ್ಯಾಂಗ ಹೋಗ್ಲಿ? ಹತ್ತವ್ವಾ, ಲಗೂನ ಹತ್ತು."

ಆಮ್ರಪಾಲಿ ಹತ್ತಿದಳು. ಅಷ್ಟರಲ್ಲಿ ಅವಳ ಪೆನ್ನು ಕೆಳಗೆ ಬಿತ್ತು. ಅಜೀತ ಓಡಿಹೋಗಿ ಎತ್ತಿ ಕಿಟಕಿಯಲ್ಲಿ ಕೊಡುವವರೆಗೂ ಬಸ್ಸು ನಿಂತೇ ಇತ್ತು.

ಬಸ್ಸು ಹೋದ ಮೇಲೆ ಅಜೀತ ತಲೆ ಕೆರೆದುಕೊಂಡ. "ವಾಡಿ ಅಂತ ಬರೆಯಾಕ ಬಣ್ಣ ತರ್ಲೇನು ಕಾಕು?"

"ಬ್ಯಾಡಪ್ಪ," ಎಂದಳು ಗಿರಿಜಾಬಾಯಿ. ಆಕೆಯ ಕಣ್ಣು ತುಂಬಿದ್ದವು, ತುಟಿಯಲ್ಲಿ ಮಾತ್ರ ಅತ್ತೆಯದೇ ನಗು. "ಇಷ್ಟು ವರ್ಷ ಯಾರೋ ಠೈರೋ ಅಂದ್ರು, ನಾವು ನಿಂತ್ವಿ. ಇವತ್ತ ನಾವು ಅಂದ್ವಿ, ಅವ್ರು ನಿಂತ್ರು."