ಕಚೇರಿಗೆಂದು ಬಿಟ್ಟ ತಪ್ಪು

ತಪ್ಪಿಲ್ಲದ ನಕ್ಷೆಯನ್ನು ಕಟ್ಟಡ ಪರವಾನಗಿಯ ಕಚೇರಿಗೆ ಕೊಡಬಾರದು ಎಂಬುದನ್ನು ನಕ್ಷೆಗಾರ ಕಲಿತದ್ದು ಕಾಲೇಜಿನಲ್ಲಲ್ಲ. ಕೆಲಸಕ್ಕೆ ಇಳಿದ ಹೊಸದರಲ್ಲಿ ಅವನು ಒಂದು ಕೂದಲೆಳೆಯೂ ಆಚೀಚೆ ಆಗದಂತೆ ಬರೆದು ಕೊಡುತ್ತಿದ್ದ. ಅಂಥ ಕಡತಗಳೇ ಪರಿಶೀಲನೆಯ ಮೇಜಿನ ಮೇಲೆ ಎಲ್ಲಕ್ಕಿಂತ ಹೆಚ್ಚು ದಿನ ಕೊಳೆಯುತ್ತಿದ್ದವು. ಆ ಮೇಜಿನ ಅಧಿಕಾರಿಯನ್ನು ಊರೆಲ್ಲ ಕನ್ನಡಕ ಎಂದು ಕರೆಯುತ್ತಿತ್ತು. ಕನ್ನಡಕಕ್ಕೆ ಏನಾದರೂ ತಪ್ಪು ಸಿಗಲೇಬೇಕು. ಸಿಗದಿದ್ದರೆ ತಾನೇ ಸರಿಯಾಗಿ ನೋಡಿಲ್ಲವೇನೋ ಎಂಬ ಹೆದರಿಕೆ, ಹುಡುಕುತ್ತಲೇ ಇರುತ್ತಿದ್ದರು. ಒಮ್ಮೆ ದಿಕ್ಕು ತೋರಿಸುವ ಬಾಣ ತೀರಾ ತೆಳ್ಳಗಿದೆ ಎಂದು ಒಂದಿಡೀ ಮನೆಯ ನಕ್ಷೆಯನ್ನು ವಾಪಸು ಕಳಿಸಿದ್ದರು.

ದಾರಿ ಹೇಳಿಕೊಟ್ಟವನು ಅದೇ ಕಸುಬಿನಲ್ಲಿ ಪಳಗಿದ ಒಬ್ಬ ಮುದುಕ. "ಮೂಳೆ ಹಾಕೋ. ಕಣ್ಣಿಗೆ ರಾಚೋ ಹಾಗೆ ಒಂದು ತಪ್ಪು ಬಿಡು. ಹಿಡೀತಾರೆ, ಖುಷಿಯಾಗ್ತಾರೆ, ಬರೆದು ಕಳಿಸ್ತಾರೆ. ತಿದ್ದಿ ಕೊಡು. ಸೀಲು ಬಿತ್ತು ಅಂತಲೇ ತಿಳ್ಕೋ."

ಅಂದಿನಿಂದ ಅವನ ಕಡತಗಳಿಗೆ ಕಾಲು ಬಂತು. ಬೇರೆಯವರದು ವರ್ಷ ಹಿಡಿದರೆ ಅವನದು ಒಂದೆರಡು ತಿಂಗಳು. ಗಿರಾಕಿಗಳು ಹುಡುಕಿಕೊಂಡು ಬಂದರು.

ಈ ಸಲದ ಗಿರಾಕಿ ಸ್ವಂತ ಅಕ್ಕ. ಬಟ್ಟೆ ಹೊಲಿದು ಅವನನ್ನು ಓದಿಸಿದವಳು. ಅವಳ ಅಂಗಡಿಯಿದ್ದ ಕಟ್ಟಡವನ್ನು ಕೆಡವುತ್ತೇನೆಂದು ಮಾಲೀಕ ಖಾಲಿ ಮಾಡಿಸಿದ್ದ. ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗಿರಾಕಿಗಳ ಬಟ್ಟೆಯ ಗಂಟು ಎಲ್ಲ ಮಲಗುವ ಕೋಣೆಗೆ ಬಂದು ಬಿದ್ದಿದ್ದವು. ಮನೆಯ ಮೇಲೆ ಒಂದು ಕೋಣೆ, ಅದಕ್ಕೆ ಹೊರಗಿನಿಂದ ಮೆಟ್ಟಿಲು. ಅಷ್ಟು ಎದ್ದರೆ ಅವಳ ಕೆಲಸ ಉಳಿಯುತ್ತಿತ್ತು. ಆಗಲೇ ಅರ್ಧ ಗಿರಾಕಿಗಳು ಬೇರೆ ಕಡೆ ಜಾರಿದ್ದರು.

ಭಾವ ಬಸ್ ಡ್ರೈವರ್. ಬಾಯಿಗೆ ಬ್ರೇಕಿಲ್ಲದ ಆಸಾಮಿ. ಊಟಕ್ಕೆ ಕೂತಾಗ ಶುರುಮಾಡಿದ. "ಏನಪ್ಪಾ ಭಾವಮೈದ, ಬೇಗ ಮಾಡಿಸ್ತೀಯಾ, ಇಲ್ಲ ನಾನು ಕತ್ತರಿ ಮೇಜಿನ ಕೆಳಗೇ ಮಲಗಿ ಸಾಯಲಾ? ಮೊನ್ನೆ ಅನ್ನದಲ್ಲಿ ಗುಂಡಿ ಸಿಕ್ತು. ಅಂಗಿದು."

"ಎಸೀಬೇಡಿ, ಇಟ್ಕೊಂಡಿರಿ. ನಿಮ್ಮ ಬಾಯಿಗೇ ಹಾಕಿ ಹೊಲೀತೀನಿ" ಎಂದಳು ಅಕ್ಕ. "ನನ್ನ ತಮ್ಮನ ಕೈಗುಣ ಊರಿಗೇ ಗೊತ್ತು. ಅವನು ಕೊಟ್ರೆ ಬೇಗ ಆಗುತ್ತೆ."

ಅಕ್ಕನದೆಂದು ಅವನು ಮೂಳೆಯನ್ನು ದೊಡ್ಡದೇ ಆರಿಸಿದ. ಮೆಟ್ಟಿಲು ಮುಗಿದು ಬಾಗಿಲು ಸಿಗುವಲ್ಲಿ ನಿಂತುಕೊಳ್ಳಲು ಒಂದು ಚಪ್ಪಡಿ ಬೇಕು; ಕಟ್ಟುವವರು ಲ್ಯಾಂಡಿಂಗ್ ಅನ್ನುತ್ತಾರೆ. ಅವನು ಅದನ್ನು ಬರೆಯಲೇ ಇಲ್ಲ. ಬಾಗಿಲು ಹೊರಕ್ಕೆ ತೆರೆಯುವಂತೆ ಬರೆದ. ಹೊಸ್ತಿಲು ದಾಟಿದರೆ ಕಾಲಿಗೆ ಸಿಗುವುದು ನೇರ ಮೆಟ್ಟಿಲಿನ ಇಳಿಜಾರು. ಕುರುಡನೂ ಹಿಡಿಯುವಂಥ ತಪ್ಪು. ಕಡತ ಕೊಟ್ಟು, ಜಮೀನು ಅಳೆಯುವ ಕೆಲಸಕ್ಕೆಂದು ಬೇರೆ ಊರಿಗೆ ಹೋದ.

ಅವನು ಅತ್ತ ಹೋಗುತ್ತಿದ್ದಂತೆ ಇತ್ತ ಪತ್ರಿಕೆಯೊಂದು ಕಟ್ಟಡ ಪರವಾನಗಿಗೆ ಈ ಊರಿನಲ್ಲಿ ಎಷ್ಟು ಕಾಲ ಹಿಡಿಯುತ್ತದೆಂದು ಬರೆದು ಕಚೇರಿಯ ಮಾನ ಹರಾಜು ಹಾಕಿತು. ಮೇಲಿನವರು ಕೆಂಡವಾದರು. ತಿಂಗಳು ಮುಗಿಯುವುದರೊಳಗೆ ಮೇಜು ಖಾಲಿಯಾಗಬೇಕು, ಇಲ್ಲದಿದ್ದರೆ ಕುರ್ಚಿ ಖಾಲಿಯಾಗುತ್ತದೆ ಎಂದರು. ಕನ್ನಡಕ ಕಡತಗಳನ್ನು ಬಿಚ್ಚಲೂ ಇಲ್ಲ. ಬಲಗೈ ನೋಯುವಷ್ಟು ಸೀಲು ಗುದ್ದಿದರು.

ಅಕ್ಕನೇ ಹೋಗಿ ನಕ್ಷೆ ತಂದು ಮೇಸ್ತ್ರಿಯ ಕೈಗಿಟ್ಟಳು. ತಮ್ಮ ಬರುವುದರೊಳಗೆ ಎಬ್ಬಿಸಿ ತೋರಿಸಬೇಕೆಂಬ ಆಸೆ ಅವಳಿಗೆ. ಅವನು ಬಂದಾಗ ಮೆಟ್ಟಿಲಿನ ಕಾಂಕ್ರೀಟು ಒಣಗಿತ್ತು. ತಲೆಯೆತ್ತಿ ನೋಡಿದರೆ ಬಾಗಿಲ ಮುಂದೆ ಚಪ್ಪಡಿಯೇ ಇಲ್ಲ.

"ನಾನು ಆಗಲೇ ಕೇಳ್ದೆ ಸಾರ್, ಬಾಗಿಲ ಮುಂದೆ ಲ್ಯಾಂಡಿಂಗ್ ಬೇಡ್ವಾ ಅಂತ" ಎಂದ ಮೇಸ್ತ್ರಿ. "ನಿಮ್ಮ ಭಾವನೋರು ಬೈದ್ರು."

"ಮತ್ತೇನು?" ಎಂದ ಭಾವ. "ಸೀಲು ಬಿದ್ದ ಮೇಲೆ ಒಂದು ಇಟ್ಟಿಗೆ ಆಚೆ ಇಟ್ರೂ ಮತ್ತೆ ಅರ್ಜಿ, ಮತ್ತೆ ಪರಿಶೀಲನೆ. ಓದಿದೋನು ನೀನು ಬರೆದಿದ್ದು, ಅವರು ನೋಡಿ ಒಪ್ಪಿದ್ದು. ಇವನ್ಯಾರು ನಡುವೆ?"

ಹೇಳಿಬಿಡಲು ಅದೇ ಸರಿಯಾದ ಹೊತ್ತು. ಅಕ್ಕ ಸೆರಗಿನಿಂದ ಹೊಸ ಕಿಟಕಿಯ ಧೂಳು ಒರೆಸುತ್ತ ಮದುಮಗಳಂತೆ ಓಡಾಡುತ್ತಿದ್ದಳು. ಮಾತಿಗೆ ಮಾತು ಎಂಬಂತೆ, "ಬಾಗಿಲು ಒಳಕ್ಕೆ ತೆರೆಯೋ ಹಾಗೆ ಮಾಡ್ಸೋಣವಾ ಅಕ್ಕ?" ಎಂದ.

"ಒಳಕ್ಕೆ ತೆರೆದ್ರೆ ಮೇಜು ಎಲ್ಲಿ ಇಡ್ಲೋ? ನಿನ್ನ ತಲೆ ಮೇಲಾ? ಚೆನ್ನಾಗೇ ಇದೆ ಬಿಡು. ಹುಷಾರಾಗಿ ಇಳಿದ್ರಾಯ್ತು."

ಅವನು ಬಿಟ್ಟ.

ಬಿಟ್ಟು ಸುಮ್ಮನಿರಲಾಗಲಿಲ್ಲ. ಯಾರಿಗೂ ಹೇಳದೆ ಲ್ಯಾಂಡಿಂಗ್ ಸೇರಿಸಿ ತಿದ್ದುಪಡಿ ನಕ್ಷೆ ಬರೆದು ಕಚೇರಿಗೆ ಕೊಟ್ಟ. ಅದರಲ್ಲಿ ಮೂಳೆ ಹಾಕಲು ಮಾತ್ರ ಕೈ ಬರಲಿಲ್ಲ. ಪತ್ರಿಕೆಯವರು ಅಷ್ಟರಲ್ಲಿ ಬೇರೆ ಸುದ್ದಿ ಹಿಡಿದು ಹೋಗಿದ್ದರು. ಕಚೇರಿ ಹಳೆಯ ಚಾಳಿಗೆ ಬಿದ್ದಿತ್ತು. ಆ ತಿಂಗಳು ಕಣ್ಣುಮುಚ್ಚಿ ಸೀಲು ಹಾಕಿದ್ದಕ್ಕೆ ಬೈಸಿಕೊಂಡಿದ್ದ ಕನ್ನಡಕ ಈಗ ಗೆರೆ ಗೆರೆಗೂ ಭೂತಗನ್ನಡಿ ಇಡುತ್ತಿದ್ದರು. ತಪ್ಪು ಸಿಗಲಿಲ್ಲ. ಹುಡುಕುತ್ತಲೇ ಇದ್ದರು.

"ಸಾರ್, ಸ್ವಲ್ಪ ಬೇಗ."

"ನಿಮ್ಮ ನಕ್ಷೇಲಿ ಏನೂ ಇಲ್ಲ ಅಂದ್ರೆ ನನಗೇ ಅನುಮಾನ. ಇನ್ನೊಂದು ಸಲ ನೋಡ್ಬೇಕು."

ಅಕ್ಕ ಬಿದ್ದಳು. ಶಾಲೆಯೊಂದರ ಸಮವಸ್ತ್ರದ ಗಂಟನ್ನು ಎದೆಗವಚಿಕೊಂಡು, ಬಾಗಿಲನ್ನು ಹೆಗಲಿನಿಂದ ನೂಕಿ, ಎಲ್ಲ ಮನೆಗಳಲ್ಲೂ ನೆಲ ಇರುವ ಜಾಗದಲ್ಲಿ ಕಾಲಿಟ್ಟಳು. ಬಟ್ಟೆಗಳು ಮೆತ್ತಗೆ ಬಿದ್ದವು. ಅವಳ ಬಲ ಮಂಡಿ ಚೂರಾಯಿತು. ಆ ಕಾಲು ಇನ್ನು ಮಡಚುವುದಿಲ್ಲ, ಪೆಡಲು ತುಳಿಯುವ ಮಾತು ಮರೆತುಬಿಡಿ ಎಂದರು ಡಾಕ್ಟರು.

ಭಾವ ಅವನ ತೋಳು ಹಿಡಿದು ಕಚೇರಿಗೆ ಎಳೆದುಕೊಂಡು ಹೋದ. ನಕ್ಷೆಯನ್ನು ಕನ್ನಡಕದ ಮೂಗಿನೆದುರು ಹರಡಿದ. "ಇದಕ್ಕೆ ಸೀಲು ಹಾಕಿದ ಕೈ ಯಾವುದು? ತೋರ್ಸು, ಮುರೀತೀನಿ."

ಕನ್ನಡಕ ನಕ್ಷೆ ನೋಡಿದರು. ಆಮೇಲೆ ನಕ್ಷೆಗಾರನನ್ನು ನೋಡಿದರು. "ಇದನ್ನ ಇವರು ಬೇಕಂತಲೇ ಬಿಟ್ಟಿದ್ದು" ಎಂದರು ಮೆಲ್ಲಗೆ. "ಪ್ರತಿ ಸಲ ನನಗೆ ಅಂತ ಒಂದು ಬಿಡ್ತಾರೆ. ಪ್ರತಿ ಸಲ ಹಿಡೀತಿದ್ದೆ. ಆ ತಿಂಗಳು ಮೇಲಿನೋರು ನನಗೆ ನೋಡೋಕೇ ಬಿಡಲಿಲ್ಲ. ಹೇಳಿ ಸಾರ್, ಸುಳ್ಳಾ?"

ಭಾವ ತಿರುಗಿದ. ಅಕ್ಕಪಕ್ಕದ ಮೇಜಿನವರೆಲ್ಲ ಪೆನ್ನು ಕೆಳಗಿಟ್ಟರು.

"ಸ್ವಂತ ಅಕ್ಕನ ಮನೆಗೆ ಯಾರಾದ್ರೂ ಬೇಕಂತ ತಪ್ಪು ಬರೀತಾರಾ ಸಾರ್?" ಎಂದ ನಕ್ಷೆಗಾರ. ಕೇಳಿಸಿಕೊಂಡ ಯಾರಿಗೂ ಉತ್ತರ ಬೇಕಾಗಿರಲಿಲ್ಲ. ಅವನ ಸಂಕಟ ನಿಜವಾದದ್ದೇ. ಅದೂ ಕೆಲಸಕ್ಕೆ ಬಂತು. ಭಾವ ಕನ್ನಡಕದ ಕಪಾಳಕ್ಕೆ ಬಾರಿಸಿದ. ಜವಾನರು ಬಿಡಿಸಿದರು.

ಅದೇ ವಾರ ಕನ್ನಡಕ ಅಮಾನತಾದರು. ಆ ಕುರ್ಚಿಗೆ ಬೇರೆ ಯಾರೂ ಬರಲಿಲ್ಲ. ಊರಿನ ಕಡತಗಳೆಲ್ಲ ಇದ್ದಲ್ಲೇ ನಿಂತವು, ಲ್ಯಾಂಡಿಂಗಿನದೂ ಸೇರಿ.

ಅಕ್ಕ ಕೆಳಗಿನ ಕೋಣೆಯಲ್ಲಿ ಕಾಲು ಚಾಚಿ ಕೂತು, ಬೇರೆ ಟೈಲರುಗಳು ಕಳಿಸುವ ಅಂಗಿಗಳಿಗೆ ಗುಂಡಿ ಹಾಕತೊಡಗಿದಳು. ಮೇಲಿನ ಕೋಣೆಗೆ ಭಾವ ಬೀಗ ಜಡಿದ. ಒಂದು ಸಂಜೆ ನಕ್ಷೆಗಾರ ಅಲ್ಲಿದ್ದಾಗಲೇ ಎದುರು ಮನೆಯಾಕೆ ಬಂದಳು. ಮಗನಿಗೆ ಮದುವೆ ಗೊತ್ತಾಗಿದೆ, ಮೇಲೆ ಕೋಣೆ ಎಬ್ಬಿಸಬೇಕು, ಪರವಾನಗಿಯದ್ದೇ ತಲೆಬಿಸಿ ಎಂದಳು.

"ನಮ್ಮ ಹುಡುಗನಿಗೇ ಕೊಡಿ" ಎಂದಳು ಅಕ್ಕ, ಹಲ್ಲಿನಲ್ಲಿ ದಾರ ಕಡಿದು. "ಎಲ್ಲರಿಗಿಂತ ಬೇಗ ಮಾಡಿಸ್ಕೊಡ್ತಾನೆ. ನಂದು ಕಚೇರಿಯೋರು ಹಾಳು ಮಾಡಿದ್ದು. ಅವನ ತಪ್ಪೇನಿಲ್ಲ."

ಎದುರು ಮನೆಯಾಕೆ ಅವನತ್ತ ನೋಡಿದಳು. ಅವನು ಚೀಲದಿಂದ ಅಳತೆಯ ಟೇಪು ತೆಗೆದ.

"ಮೆಟ್ಟಿಲು ಯಾವ ಕಡೆಯಿಂದ ಬರ್ಬೇಕು?" ಎಂದು ಕೇಳಿದ.