ಐದನೆಯ ಆಟೋ

“ಎಲ್ಲಾ ಆಟೋದಾಗ ಆರಾರ ಮಂದಿ ಅದಾರಿಲ್ಲೋ?” ಕಿಲ್ಲೆ ನೋಡಿ ಮರಳುವಾಗ ಅದರ ಬಾಗಿಲಲ್ಲಿ ಹೀಗೆ ಕೇಳಿದವಳು ಮನಿಷಾ ಟೀಚರೇ. “ಅದಾರ್ರಿ!” ಎಂದು ನಾಲ್ಕೂ ಆಟೋಗಳಿಂದ ಕೂಗು ಬಂದಿತ್ತು. ಒಬ್ಬರೂ ಸುಳ್ಳು ಹೇಳಿರಲಿಲ್ಲ. ಈಗ ಬೀದರ ಬಸ್ ಸ್ಟ್ಯಾಂಡಿನಲ್ಲಿ ತನ್ನ ನಾಲ್ಕನೆಯ ತರಗತಿಯ ಮಕ್ಕಳನ್ನು ಅವಳು ಎರಡನೆಯ ಸಲ ಎಣಿಸಿದಳು. ಇಪ್ಪತ್ನಾಲ್ಕು. ಹಲಬರ್ಗಾ ಶಾಲೆಯಿಂದ ಕರೆತಂದದ್ದು ಇಪ್ಪತ್ತೈದು.

“ಸರಿತಾ ಎಲ್ಲಿ?”

ಮಾನಿಟರ್ ಸಂಜುಕುಮಾರ ಎದೆಯುಬ್ಬಿಸಿ ಮುಂದೆ ಬಂದ. ಮಕ್ಕಳನ್ನು ಆಟೋಗಳಿಗೆ ಹಂಚಿದವನು ಅವನೇ. “ಇಪ್ಪತ್ತೈದಕ ಆರರಿಂದ ಭಾಗ ಮಾಡೀನ್ರಿ. ಭಾಗಲಬ್ಧ ನಾಕು, ಶೇಷ ಒಂದು. ಸರಿತಾ ಶೇಷ ಬಂದಳ್ರಿ. ಬಾಜೂಕ ನಿಲ್ಲಂತ ಹೇಳೀನ್ರಿ.”

ಆ ಪಾಠ ಅವಳದೇ. ಶೇಷವನ್ನು ಪಕ್ಕಕ್ಕೆ ಬರೆದು, ಸುತ್ತ ಗೆರೆ ಎಳೆದು, ಮುಂದಿನ ಲೆಕ್ಕಕ್ಕೆ ಹೋಗಿ ಎಂದು ಗಿಣಿಪಾಠ ಮಾಡಿಸಿದ್ದಳು. ಬೆಳಿಗ್ಗೆ ಇಲ್ಲೇ ನಿಂತು ಆಟೋದ ಲೆಕ್ಕ ಕೇಳಿ, ಇದೇ ಉತ್ತರಕ್ಕೆ ಶಾಭಾಶ್ ಎಂದು, ಉಳಿದ ಸರಿತಾಳನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದಳು. ಮರಳುವಾಗ ತೊಡೆಯ ಮೇಲೆ ಖಾಲಿ ಬುತ್ತಿಯ ಬುಟ್ಟಿ ಇತ್ತು. ತೊಡೆ ತುಂಬಿದವಳಿಗೆ ಯಾವುದೂ ಕಡಿಮೆಯೆನಿಸಲಿಲ್ಲ.

ಮಕ್ಕಳನ್ನು ಜೊತೆಗಿದ್ದ ಅನೀಲಕುಮಾರ ಮಾಸ್ತರರಿಗೆ ಒಪ್ಪಿಸಿ, ಸಿಕ್ಕ ಆಟೋ ಹತ್ತಿದಳು. “ಕಿಲ್ಲಾಕ ನಡೀರಿ ಚಾಚಾ, ಜಲ್ದಿ. ಹುಡುಗಿ ಅಲ್ಲೇ ಉಳದಾಳ.”

“ಯಾ ಅಲ್ಲಾ!” ಎಂದ ಮುದುಕ ಮುನೀರೋದ್ದೀನ, ಗಾಡಿ ತಿರುಗಿಸುತ್ತ. “ಗಾಬರಿ ಆಗಬ್ಯಾಡ್ರಿ ಮೇಡಂ. ಗೇಟ್ ಬಂದ್ ಆಗೂದರಾಗ ಮುಟ್ಟಿದ್ರ ಸಿಗತಾಳ.” ಸಮಾಧಾನ ಹೇಳಹೋಗಿ ಬೆಂಕಿಗೆ ತುಪ್ಪ ಸುರಿದಿದ್ದ.

ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಗಾಡಿಗಳ ನಡುವೆ ಆಟೋ ಸಿಕ್ಕಿಕೊಂಡಿತು. ಕಿಲ್ಲೆಯೊಳಗಿನ ಬಾವಿಗಳೇ ಅವಳ ಕಣ್ಣಿಗೆ ಕಟ್ಟಿದ್ದವು. ಬೆಳಿಗ್ಗೆ ಅಂಥದೊಂದು ಬಾವಿಯ ಕಟ್ಟೆಯ ಬಳಿ ಮಕ್ಕಳನ್ನು ನಿಲ್ಲಿಸಿ, ತಾನೇ ಕಲ್ಲು ಹಾಕಿ, ಸದ್ದು ಬರುವ ತನಕ ಉಸಿರು ಹಿಡಿಯಿರಿ ಎಂದಿದ್ದಳು. ಸದ್ದು ತೀರ ತಡವಾಗಿ ಬಂದಿತ್ತು, ಮಕ್ಕಳು ಚಪ್ಪಾಳೆ ತಟ್ಟಿದ್ದರು. ಸರಿತಾಳ ಅಪ್ಪ, ಕುರಿ ಕಾಯುವ ಧೊಂಡಿಬಾ, ನಸುಕಿನಲ್ಲಿ ಮಗಳನ್ನು ಬಸ್ಸಿಗೆ ಹತ್ತಿಸಿ ಹೇಳಿದ್ದ: “ಎಂದೂ ಊರ ಬಿಟ್ಟ ಹೋಗಿಲ್ರಿ ಇದು. ಸಂಜಿಕ ನನ್ನ ಕೈಯಾಗ ಕೊಡ್ರಿ ಟೀಚರ್.” ಅವನಿಗೆ ಯಾವ ಮುಖ ತೋರಿಸುವುದು? ಮನಿಷಾ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಕಿಲ್ಲೆ ಮುಟ್ಟಿದಾಗ ಬಾಗಿಲ ಬಳಿ ಯಾರೂ ಇರಲಿಲ್ಲ. “ಸರಿತಾ!” ಎಂಬ ಕೂಗಿಗೆ ಗೋಡೆಯ ಮೇಲಿನ ಮಂಗಗಳಷ್ಟೇ ತಿರುಗಿ ನೋಡಿದವು. ಅವಳು ಒಳಗೆ ಬಾವಿಯ ಕಡೆಗೇ ಓಡಿದಳು. ಕಟ್ಟೆಯ ಮೇಲೆ ಕೈಯಿಟ್ಟಳು. ಬಗ್ಗಿ ನೋಡಲು ಧೈರ್ಯ ಬರಲಿಲ್ಲ.

“ಮೇಡಂ! ಇಲ್ಲಿ ಅದಾಳ್ರಿ, ಇಲ್ಲಿ!” ಹಿಂದಿನಿಂದ ಮುನೀರೋದ್ದೀನ ಕೂಗಿದ.

ದೊಡ್ಡ ಬಾಗಿಲಿನ ಮರೆಯಲ್ಲಿ ಸರಿತಾ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ನಿಂತಲ್ಲೇ ಲಂಗ ಒದ್ದೆಯಾಗಿತ್ತು.

“ನಾ ಎಲ್ಲೂ ಹೋಗಿಲ್ರಿ ಟೀಚರ್,” ಎಂದಳು, ಬೈಗುಳಕ್ಕೆ ಹೆದರಿ ಕೂಗಿಗೂ ಓಗೊಡದವಳು. “ಬಾಜೂಕೇ ನಿಂತೀನ್ರಿ.”

ಮನಿಷಾ ಅವಳನ್ನು ಬಾಚಿ ತಬ್ಬಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ಆಟೋ ಇಳಿಜಾರಿಗೆ ಹೊರಳಿತು. ಸೀಟೆಲ್ಲ ಖಾಲಿ ಇದ್ದರೂ ಹುಡುಗಿ ತುದಿಯಲ್ಲೇ ಮುದುಡಿ ಕುಳಿತಿದ್ದಳು.

“ಟೀಚರ್, ಇದು ಎಷ್ಟನೇ ಆಟೋ ರಿ?”

“ಐದನೇದವ್ವಾ.”

“ಹಂಗಾರ ಆ ಲೆಕ್ಕದ ಉತ್ತರ ಐದೇನ್ರಿ?”

“ಹೂಂ. ಐದು.” ಮನಿಷಾ ಸೆರಗಿನಿಂದ ಅವಳ ಮುಖ ಒರೆಸಿದಳು. “ನಾನೇ ತಪ್ಪ ಹೇಳಿಕೊಟ್ಟಿದ್ದೆ.”

ಸರಿತಾ ಸ್ವಲ್ಪ ಹೊತ್ತು ಖಾಲಿ ಸೀಟನ್ನು ನೋಡಿದಳು. ಆಮೇಲೆ ಮೆಲ್ಲಗೆ ಸರಿದು ನಡುವೆ ಬಂದು ಕುಳಿತು, ಕಾಲು ಚಾಚಿದಳು.